ತೊಗಲಿನ ಸೈಕಲ್ಲು

ಸೈಕಲ್ ಪಾರ್ಟ್ಸ್ ಹುಡುಕಿಕೊಂಡು ಬೆಂಗಳೂರಿನ ಎಸ್.ಜೆ.ಪಿ. ರಸ್ತೆಗೆ ಹೋದ ಮೊದಲ ದಿನವೇ ನಾನೊಂದು ಸುಳ್ಳು ಹೇಳಿದೆ. ನನ್ನ ಚೀಲದಿಂದ ತುಕ್ಕು ಹಿಡಿದ ಕಪ್ಪು, ಸವೆದ ಕಾಟರ್ ಪಿನ್ನು, ತುಂಡಾದ ಬ್ರೇಕ್ ಕಡ್ಡಿ ತೆಗೆದು ಮೇಜಿನ ಮೇಲಿಟ್ಟೆ. ಅಂಗಡಿಯ ಯಜಮಾನರು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿ, 'ಇದು ಹೊರೆ ಹೊತ್ತ ಸೈಕಲ್ಲು. ಏನ್ ಹಾಕ್ತಿದ್ರು?' ಅಂದರು. ಅವರ ಮಾತಿನಲ್ಲಿ ಯಾವ ಕುಹಕವೂ ಇರಲಿಲ್ಲ. ಎಷ್ಟು ತೂಕ ಹೊರುತ್ತದೆ ಅಂತ ಗೊತ್ತಾದರೆ ಎಂಥ ಮಾಲು ಕೊಡಬೇಕು ಅನ್ನೋದು ಗೊತ್ತಾಗುತ್ತೆ, ಅಷ್ಟೆ.

'ಹಾಲು' ಅಂದೆ. 'ನಮ್ಮ ತಾತ ಕ್ಯಾನು ಕಟ್ಕೊಂಡು ಡೈರಿಗೆ ಹೋಗ್ತಿದ್ರು.'

ನಮ್ಮ ತಾತ ಜನ್ಮದಲ್ಲಿ ಹಾಲು ಮಾರಿದವನಲ್ಲ. ಅವನ ಕಾಲದಲ್ಲಿ ನಮ್ಮ ಕೇರಿಯ ಹಾಲನ್ನು ಊರಲ್ಲಿ ಯಾರೂ ಮುಟ್ಟುತ್ತಿರಲಿಲ್ಲ. ಅವನು ಆ ಸೈಕಲ್ ಮೇಲೆ ಹೊತ್ತದ್ದು ತೊಗಲು. ಸತ್ತ ದನದ, ಸತ್ತ ಎಮ್ಮೆಯ ತೊಗಲು. ನಾವು ಮಾದಿಗರು.

ಎಂ.ಎ. ಮಾಡಿ, ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿ ಪಾಠ ಹೇಳುವವನು ನಾನು. ಜಾತಿಯ ಮೇಲೆ ಪದ್ಯ ಬರೆದು, ವೇದಿಕೆ ಹತ್ತಿ ಗಟ್ಟಿ ದನಿಯಲ್ಲಿ ಓದಿ, ಚಪ್ಪಾಳೆ ತಟ್ಟಿಸಿಕೊಂಡವನು. ಸೈಕಲ್ ಅಂಗಡಿಯ ಮೇಜಿನ ಮುಂದೆ ಮಾತ್ರ ಎರಡಕ್ಷರದ ಸುಳ್ಳಿಗೆ ಶರಣಾದೆ. ಆ ಊರಲ್ಲಿ ಬಾಡಿಗೆ ಮನೆ ಹುಡುಕುವಾಗ 'ಯಾವ ಜನ?' ಅಂತ ಕೇಳಿಸಿಕೊಂಡು, ಉತ್ತರ ಹೇಳಿ, ಮೆಟ್ಟಿಲಿಳಿದು ಬಂದ ಅನುಭವ ನನಗಿತ್ತು. ಅದನ್ನೇ ನೆಪ ಮಾಡಿಕೊಳ್ಳಬಹುದು. ಆದರೆ ಗೆಳೆಯರೆ, ಅಂಗಡಿಯವರು ನನ್ನ ಜಾತಿ ಕೇಳಿರಲಿಲ್ಲ. ಸೈಕಲ್ ಏನು ಹೊರುತ್ತಿತ್ತು ಅಂತ ಕೇಳಿದ್ದರು. ನಾನಾಗಿ ಮುಚ್ಚಿಟ್ಟೆ.

*

ಅದು ರ‍್ಯಾಲಿ ಸೈಕಲ್ಲು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಊರಿನಲ್ಲಿ ತಯಾರಾದದ್ದು. ಹ್ಯಾಂಡಲ್ ಕೆಳಗಿನ ಬಿಲ್ಲೆಯ ಮೇಲೆ ಒಂದು ಕೊಕ್ಕರೆಯ ತಲೆ. ಚೈನ್ ವೀಲನ್ನೂ ಕೊಕ್ಕರೆ ತಲೆಗಳ ಆಕಾರದಲ್ಲೇ ಕೊರೆದಿದ್ದಾರೆ. ನಮ್ಮ ಕೇರಿಯಲ್ಲಿ ಅದಕ್ಕೆ ರ‍್ಯಾಲಿ ಅನ್ನೋ ಹೆಸರು ನಿಲ್ಲಲಿಲ್ಲ, 'ಕೊಕ್ಕರೆ ಸೈಕಲ್ಲು' ಆಯಿತು.

ಬಂಗಾರಪೇಟೆ ಹತ್ತಿರದ ನಮ್ಮ ಕುಗ್ರಾಮಕ್ಕೆ ನಾಟಿಂಗ್‌ಹ್ಯಾಮಿನ ಕೊಕ್ಕರೆ ಬಂದದ್ದು ಕೋಲಾರದ ಚಿನ್ನದ ಗಣಿಯ ದಾರಿಯಲ್ಲಿ. ಗಣಿಗಳು ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಕೈಲಿದ್ದಾಗ ಯಾವನೋ ದೊರೆ ತರಿಸಿಕೊಂಡದ್ದಿರಬೇಕು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. ದೊರೆಗಳು ಹೋದರು, ಸೈಕಲ್ ಉಳಿಯಿತು. ಕೈಯಿಂದ ಕೈಗೆ ದಾಟಿ ಅದು ಚಾಂಪಿಯನ್ ರೀಫ್ಸಿನಲ್ಲಿ ನೆಲದಡಿ ಕಲ್ಲೊಡೆಯುತ್ತಿದ್ದ ಒಬ್ಬ ತಮಿಳು ಕಾರ್ಮಿಕನ ಮನೆ ಸೇರಿತು. ಅವನಿಂದ ತಾತ ಕೊಂಡ. ಯಾವ ವರ್ಷ ಅಂದರೆ ನಮ್ಮ ಅವ್ವ, ಅಂದರೆ ತಾತನ ಹೆಂಡತಿ, 'ಎಮರ್ಜೆನ್ಸಿಗೆ ಮುಂಚೆ' ಅನ್ನುತ್ತಾಳೆ. ಅಲ್ಲಿಗೆ 1975ಕ್ಕಿಂತ ಹಿಂದಿನ ಮಾತು.

ಮೂರು ಗೇರಿನ ರ‍್ಯಾಲಿಯಾಗಿದ್ದರೆ ಹಿಂದಿನ ಹಬ್ಬಿನ ಮೇಲೆ ಇಸವಿಯ ಅಚ್ಚಿರುತ್ತಿತ್ತಂತೆ. ನಮ್ಮದರಲ್ಲಿ ಆ ಹಬ್ಬಿಲ್ಲ. ತಾತನಿಗೂ ಹುಟ್ಟಿದ ತಾರೀಖಿರಲಿಲ್ಲ. ಇಬ್ಬರ ವಯಸ್ಸೂ ಅಂದಾಜೇ.

ದನ ಸತ್ತರೆ ಕೇರಿಗೆ ಸುದ್ದಿ ಬರುತ್ತಿತ್ತು. ತಾತ ಹೋಗಿ ಸುಲಿದು, ತೊಗಲಿನ ಮಾಂಸದ ಮೈಗೆ ಉಪ್ಪು ತಿಕ್ಕಿ, ಆ ಮೈ ಒಳಗೆ ಬರುವಂತೆ ಮಡಿಚಿ, ಗೋಣಿಯಲ್ಲಿ ಸುತ್ತಿ, ವಾರಕ್ಕೊಮ್ಮೆ ಬಂಗಾರಪೇಟೆಯ ತೊಗಲು ಮಂಡಿಗೆ ಹಾಕುತ್ತಿದ್ದ. ಅಲ್ಲಿಂದ ಅದು ವಾಣಿಯಂಬಾಡಿ, ಆಂಬೂರು, ರಾಣಿಪೇಟೆಯ ಕಾರ್ಖಾನೆಗಳಿಗೆ ಹದ ಮಾಡಲು ಹೋಗುತ್ತಿತ್ತು. ಉಪ್ಪು ಹಾಕಿದ ಹಸಿ ಎಮ್ಮೆ ತೊಗಲು ಒಂದೊಂದೂ ಇಪ್ಪತ್ತು ಕಿಲೋ ದಾಟುತ್ತದೆ. ನಾಲ್ಕು ಹೇರಿದರೆ ಒಬ್ಬ ಆಳಿಗಿಂತ ಜಾಸ್ತಿ ತೂಕ.

ದೊರೆ ಮೈದಾನಕ್ಕೆ ಹೋಗಿಬರಲು ತರಿಸಿದ ಸೈಕಲ್ಲು ಇಂಥ ತೂಕ ಹೊರುವುದಕ್ಕೆ ಹುಟ್ಟಿದ್ದಲ್ಲ. ತಾತ ಅದನ್ನು ಹೊರುವ ಹಾಗೆ ಮಾಡಿಕೊಂಡ. ಮೇಲಿನ ಬಾರಿನ ಕೆಳಗೆ ಇನ್ನೊಂದು ಬಾರು ಗ್ಯಾಸ್ ವೆಲ್ಡಿಂಗ್ ಮಾಡಿಸಿದ. ಹಿಂದಿನ ಅಚ್ಚಿನ ಮೇಲೆ ನಿಲ್ಲುವ ಹಾಗೆ ಕಬ್ಬಿಣದ ಪಟ್ಟಿಯ ಅಗಲವಾದ ಕ್ಯಾರಿಯರ್ ಮಾಡಿಸಿದ. ಹೊರೆ ಹೇರುವಾಗ ಸೈಕಲ್ ನೆಟ್ಟಗೆ ನಿಲ್ಲಲಿ ಅಂತ ಎರಡು ಕಾಲಿನ ಸ್ಟ್ಯಾಂಡು ಹಾಕಿಸಿದ. ಹದಿನೆಂಟು ಹಲ್ಲಿನ ಫ್ರೀವೀಲ್ ತೆಗೆಸಿ ಇಪ್ಪತ್ತೆರಡು ಹಲ್ಲಿನದು ಕೂರಿಸಿದ. ಹಿಂದೆ ಹಲ್ಲು ಹೆಚ್ಚಾದರೆ ಓಟ ಕಮ್ಮಿ, ತುಳಿತ ಹಗುರ. ಏರಿನಲ್ಲಿ ತೊಗಲು ಎಳೆಯೋನಿಗೆ ಓಟ ಬೇಕಿರಲಿಲ್ಲ.

ಇಷ್ಟೆಲ್ಲಾ ಮಾಡಿಕೊಂಡರೂ ಊರ ಬೀದಿಗೆ ಬಂದಾಗ ಅವನು ಸೈಕಲ್ಲಿಂದ ಇಳಿಯಬೇಕಿತ್ತು. ಬೀದಿಯ ಈ ತುದಿಯ ಬೇವಿನ ಮರದ ಹತ್ತಿರ ಇಳಿದು, ಚಪ್ಪಲಿ ಕಳಚಿ ಹ್ಯಾಂಡಲ್‌ಗೆ ಸಿಕ್ಕಿಸಿ, ಹೊರೆ ಸಮೇತ ಸೈಕಲ್ ತಳ್ಳಿಕೊಂಡು ಅರಳಿಕಟ್ಟೆ ದಾಟಿ, ಆ ತುದಿಯ ಬೋರ್‌ವೆಲ್ ಹತ್ತಿರ ಮತ್ತೆ ಹತ್ತಬೇಕು. ಸಾರ್ವಜನಿಕ ರಸ್ತೆಯಲ್ಲಿ ಹೀಗೆ ತಡೆಯುವುದು ಅಪರಾಧ ಅಂತ 1955ರಲ್ಲೇ ಅಸ್ಪೃಶ್ಯತೆಯ ವಿರುದ್ಧ ಕಾನೂನು ಬಂದಿತ್ತು. ಕಾನೂನು ನಮ್ಮ ಅರಳಿಕಟ್ಟೆವರೆಗೂ ಬಂದಿರಲಿಲ್ಲ.

ಎಂಬತ್ತು ಕಿಲೋ ಹೇರಿದ ಸೈಕಲ್ಲನ್ನು ಓಡಿಸುವುದಕ್ಕಿಂತ ತಳ್ಳುವುದು ಕಷ್ಟ. ಓಡುವಾಗ ಚಕ್ರ ತೂಕ ಹೊರುತ್ತೆ. ತಳ್ಳುವಾಗ ತೂಕವೆಲ್ಲ ಒಂದು ಕಡೆ ವಾಲಿ ಭುಜದ ಮೇಲೆ ಬೀಳುತ್ತೆ. ಒಂದು ಸಂಜೆ ಮಳೆ ಬಂದು ಬೀದಿಯೆಲ್ಲ ಕೆಸರು. ಇಳಿದರೆ ಹೊರೆ ಉರುಳುತ್ತೆ ಅಂತ ತಾತ ಇಳಿಯಲಿಲ್ಲ. ಅರಳಿಕಟ್ಟೆ ಹತ್ತಿರ ಯಾರೋ ಮುಂದಿನ ಚಕ್ರದ ಕಡ್ಡಿಗಳ ಮಧ್ಯೆ ಗುದ್ದಲಿಯ ಕಾವು ತೂರಿಸಿದರು. ತಾತನ ಎರಡು ಹಲ್ಲು ಹೋದವು. ಮುಂದಿನ ಫೋರ್ಕು ಎಡಕ್ಕೆ ತಿರುಚಿಕೊಂಡಿತು. ಕಮ್ಮಾರನ ಕೈಲಿ ಕಾಯಿಸಿ ಬಡಿಸಿದರೂ ಪೂರ್ತಿ ನೆಟ್ಟಗಾಗಲಿಲ್ಲ. ಆಮೇಲೆ ತಾತ ಮತ್ತೆ ಬೇವಿನ ಮರದ ಹತ್ತಿರ ಇಳಿಯತೊಡಗಿದ. ಎಂಬತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯ ಹುಡುಗರು ನಮ್ಮ ಕಡೆಯ ಕೇರಿಗಳಿಗೆ ಬಂದು ಓಡಾಡಿದ ಮೇಲೆ ಆ ಇಳಿಯೋದು ನಿಂತಿತು.

ನಮ್ಮಪ್ಪ ತೊಗಲು ಹೊರಲು ಒಪ್ಪಲಿಲ್ಲ. ಸುಣ್ಣಬಣ್ಣದ ಕೂಲಿಗೆ ಹೋದ. ನಾನು ಚಿಕ್ಕವನಿದ್ದಾಗ ಬಾರಿನ ಕೆಳಗೆ ಕಾಲು ತೂರಿಸಿ ಅದೇ ಸೈಕಲ್ಲಿನಲ್ಲಿ ಕಲಿತೆ. ಬಾರು ಎರಡಿದ್ದದ್ದರಿಂದ ಕಾಲು ತೂರಿಸುವ ಜಾಗ ಇಕ್ಕಟ್ಟು. ಮಂಡಿ ಸುಲಿದುಕೊಂಡೇ ಕಲಿತೆ. ಎಂಟನೇ ತರಗತಿಯಲ್ಲಿ ನನಗೆ ಸರ್ಕಾರದ ಸೈಕಲ್ ಸಿಕ್ಕಿತು, 2006-07ರಲ್ಲಿ ಶುರುವಾದ ಯೋಜನೆಯದು. ಅಲ್ಲಿಗೆ ಕೊಕ್ಕರೆ ಸೈಕಲ್ಲು ಹಿತ್ತಲ ಗೋಡೆಗೆ ಒರಗಿತು. ತಾತ ಸತ್ತಮೇಲೆ ಅದರ ಮೇಲೆ ಸೌದೆ ಬಿತ್ತು.

*

2023ರ ಬೇಸಿಗೆ ರಜದಲ್ಲಿ ಸೌದೆ ತೆಗೆದೆ. ಅತಿಥಿ ಉಪನ್ಯಾಸಕರಿಗೆ ಬೇಸಿಗೆ ಅಂದರೆ ಸಂಬಳವಿಲ್ಲದ ತಿಂಗಳು, ಕೈಗೆ ಕೆಲಸ ಬೇಕಿತ್ತು. ನಾನೇ ರಿಪೇರಿ ಮಾಡುತ್ತೇನೆ ಅಂತ ಹೊರಟು, ಮೊದಲು ಹೇಳಿದ ಹಾಗೆ ಎಸ್.ಜೆ.ಪಿ. ರಸ್ತೆಗೆ ಹೋಗಿ, ಸುಳ್ಳು ಹೇಳಿ, ಹೊಸ ಕಪ್ಪು, ಗುಂಡು, ಕಾಟರ್ ಪಿನ್ನು ತಂದೆ. ಕಪ್ಪು ಒಂದೂವರೆ ಸುತ್ತು ಹೋಗಿ ನಿಂತಿತು. ಸ್ಪ್ಯಾನರ್ ಹಾಕಿ ಬಲ ಬಿಡೋಣ ಅಂತಿದ್ದೆ, ನಮ್ಮಪ್ಪ ತಡೆದು, 'ತಿಳಿದೋರ ಹತ್ರ ಹೋಗಪ್ಪ' ಅಂದ.

ಬಂಗಾರಪೇಟೆಯಲ್ಲಿ ಸೈಕಲ್ ರಿಪೇರಿಯ ಒಬ್ಬರು ಚಾಚಾ ಇದ್ದಾರೆ. ಎಪ್ಪತ್ತು ದಾಟಿದೆ. ಈಗ ಅವರ ಅಂಗಡಿ ಮುಂದೆ ನಿಲ್ಲೋದು ಗೇರ್ ಸೈಕಲ್ಲುಗಳೇ. ಕರಿ ಸೈಕಲ್ಲಿನ ಕಾಲ ಮುಗಿಯುತ್ತಾ ಬಂತು. ಅಟ್ಲಾಸ್ ಕಂಪನಿಯವರು 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಸಾಹಿಬಾಬಾದಿನ ಕಾರ್ಖಾನೆಯ ಕಾರ್ಮಿಕರನ್ನು ಬಾಗಿಲಲ್ಲೇ ನಿಲ್ಲಿಸಿ ಕೆಲಸ ನಿಲ್ಲಿಸಿದರು. ಚಾಚಾಗೆ ಆ ತಾರೀಖು ಬಾಯಿಪಾಠ.

ನಾನು ಏನೂ ಹೇಳುವ ಮುಂಚೆಯೇ ಅವರು ಸೈಕಲ್ಲಿನ ಸುತ್ತ ಒಂದು ಸಲ ಬಂದು, ಹಿಂದಿನ ರಿಮ್ಮಿನ ಮೇಲೆ ಉಗುರಿಂದ ಕೆರೆದರು. ಪದರ ಪದರವಾಗಿ ತುಕ್ಕು ಉದುರಿತು. ಮುಂದಿನ ರಿಮ್ಮಿನಲ್ಲಿ ಅಲ್ಲಲ್ಲಿ ಇನ್ನೂ ಹೊಳಪಿತ್ತು.

'ತೊಗಲಿನ ಸೈಕಲ್ಲಾ ಬೇಟಾ?'

ನನಗೆ ಮಾತೇ ಹೊರಡಲಿಲ್ಲ.

'ಮಳೆ ತುಕ್ಕು ಎಲ್ಲಾ ಕಡೆ ಸಮ ಇರ್ತದೆ. ಇದು ಉಪ್ಪಿನ ತುಕ್ಕು. ಹೊರೆಯಿಂದ ಉಪ್ಪುನೀರು ಕ್ಯಾರಿಯರ್ ಮೇಲೆ, ಮಡ್‌ಗಾರ್ಡ್ ಮೇಲೆ, ರಿಮ್ ಮೇಲೆ ಸುರೀತಿತ್ತು. ಮಂಡಿಗೆ ಬರ್ತಿದ್ದ ಸೈಕಲ್ಲೆಲ್ಲಾ ಹಿಂಗೇ, ಹಿಂದಿನ ಅರ್ಧ ತಿಂದುಹಾಕಿ, ಮುಂದಿನ ಅರ್ಧ ಚೆನ್ನಾಗಿರೋದು.'

ನಾನು ಮುಚ್ಚಿಟ್ಟದ್ದನ್ನು ಕಬ್ಬಿಣ ಬಿಚ್ಚಿ ಹೇಳಿತ್ತು.

ಚಾಚಾ ನನ್ನ ಹೊಸ ಕಪ್ಪನ್ನೂ ಹಳೆ ಕಪ್ಪನ್ನೂ ಎದುರುಬದುರು ಹಿಡಿದು, ತ್ರೆಡ್ಡಿಗೆ ತ್ರೆಡ್ಡು ಕೂರಿಸಿ ತೋರಿಸಿದರು. ಮೊದಲೆರಡು ಹಲ್ಲು ಕೂಡಿದವು, ಮುಂದೆ ಹೋದ ಹಾಗೆ ತಪ್ಪುತ್ತಾ ಬಂದವು. ಸಾಧಾರಣ ಬ್ರಿಟಿಷ್ ಅಳತೆಯಲ್ಲಿ ಈ ಕಪ್ಪಿಗೆ ಇಂಚಿಗೆ 24 ತ್ರೆಡ್ಡು. ರ‍್ಯಾಲಿ ಕಂಪನಿ ತನ್ನ ಭಾಗಗಳನ್ನೆಲ್ಲ ತಾನೇ ಮಾಡಿಕೊಳ್ಳುತ್ತಿತ್ತು, ತ್ರೆಡ್ಡೂ ತನ್ನದೇ. ಇಂಚಿಗೆ 26. ಪೆಡಲ್ ಅಚ್ಚಿನ ಕಪ್ಪಿಗೂ ಅದೇ, ಹ್ಯಾಂಡಲ್ ಕೆಳಗಿನ ಬಾಲ್ ರೇಸಿಗೂ ಅದೇ. ಸುತ್ತಳತೆ ಹೆಚ್ಚುಕಮ್ಮಿ ಒಂದೇ ಆದ್ದರಿಂದ ಕೈಗೆ ಹಿಡಿದರೆ ವ್ಯತ್ಯಾಸ ಗೊತ್ತಾಗಲ್ಲ. ತಿರುಗಿಸಿದಾಗ ಗೊತ್ತಾಗುತ್ತೆ. ಬಲವಂತ ಮಾಡಿದರೆ ಫ್ರೇಮಿನ ತ್ರೆಡ್ಡೇ ಹೋಗಿ ಸೈಕಲ್ಲು ಗುಜರಿ ಪಾಲಾಗುತ್ತದೆ.

'ಟ್ಯಾಪ್ ಹೊಡೆದು 24 ಮಾಡಬೋದಲ್ವಾ ಚಾಚಾ?' ಅಂದೆ.

'ಮಾಡಬೋದು. ಹಳೆ ತ್ರೆಡ್ಡು ಅರ್ಧ ಸಾಯ್ತದೆ, ಹೊಸದು ಅರ್ಧ ಹುಟ್ತದೆ. ಗೋಡೆಗೆ ತೂಗಾಕೋ ಸೈಕಲ್ಲಿಗೆ ಸಾಕು. ಹೊರೆ ಹಾಕಿದ್ರೆ ಬಿಟ್ಕೊತದೆ. ನೀನು ಹೊರೆ ಹಾಕ್ತೀಯಾ, ತೂಗಾಕ್ತೀಯಾ?'

ಹೊರೆ ಹಾಕ್ತೀನಿ ಅಂದೆ. ಯಾಕೆ ಹಾಗಂದೆನೋ, ಆಗ ನನಗೇ ಗೊತ್ತಿರಲಿಲ್ಲ.

ಹುಡುಕಬೇಕಾದ್ದನ್ನೆಲ್ಲ ಚಾಚಾ ಸಿಗರೇಟ್ ಪ್ಯಾಕಿನ ಒಳಮೈ ಮೇಲೆ ಬರೆಸಿದರು. ಕೆಲವು ಸುಲಭ. 28 ಇಂಚು, ಒಂದೂವರೆ ಅಗಲದ ಟಯರು ಇವತ್ತಿಗೂ ಸಣ್ಣ ಊರಿನ ಅಂಗಡಿಯಲ್ಲೂ ಸಿಗುತ್ತದೆ. ದೊರೆಯ ಸೈಕಲ್ಲಿಗೂ ಅದೇ ಅಳತೆ, ಸೋಪಾನೆ ಎಳನೀರು ಮಾರುವವನ ಸೈಕಲ್ಲಿಗೂ ಅದೇ. ಕಂಬಿ ಬ್ರೇಕಿನ ಕಡ್ಡಿಗಳು, ರಿಮ್ಮಿನ ಒಳಮೈಗೆ ಒತ್ತುವ ರಬ್ಬರುಗಳು ಸಿಕ್ಕವು. ಹಿಂದಿನ ರಿಮ್ಮಿಗೆ ಕೊಂಚ ಅಲೆದಾಡಿದೆ. ಹಳೆ ಇಂಗ್ಲಿಷ್ ಸೈಕಲ್ಲಿಗೆ ಮುಂದೆ 32 ಕಡ್ಡಿ, ಹಿಂದೆ 40. ಸವಾರನೂ ಸಾಮಾನೂ ಕೂರೋದು ಹಿಂದಿನ ಚಕ್ರದ ಮೇಲೆ, ಅದಕ್ಕೇ ಅಲ್ಲಿ ಎಂಟು ಕಡ್ಡಿ ಹೆಚ್ಚು. 36 ತೂತಿನ ರಿಮ್ಮು ತಂದರೆ ಹಬ್ಬಿನ 40 ತೂತಿಗೆ ಲೆಕ್ಕ ಕೂಡಲ್ಲ. ಹೊರೆಯ ಲೆಕ್ಕವನ್ನು ತಿಳಿದವರು ಮಾಡಿಟ್ಟಿದ್ದರು. ಕಾಟರ್ ಪಿನ್ನಿನಲ್ಲೂ ಇದೇ ಕಥೆ. ನಮ್ಮದಕ್ಕೆ ಬೇಕಾದದ್ದು ಒಂಬತ್ತೂವರೆ ಮಿಲಿಮೀಟರಿನದು, ನಾನು ತಂದದ್ದು ಒಂಬತ್ತರದು. ಅರ್ಧ ಮಿಲಿಮೀಟರ್ ಅಂದರೆ ಏನು ಮಹಾ ಅನ್ನಿಸಬಹುದು. ಏರಿನಲ್ಲಿ ತುಳಿದಾಗ ಆ ಅರ್ಧ ಮಿಲಿಮೀಟರೇ ಕಟಕಟ ಅಂತ ಒದ್ದುಕೊಳ್ಳುತ್ತದೆ.

ಸಿಗದೆ ಉಳಿದದ್ದು ಎರಡು: 26ರ ಕಪ್ಪು, ಮುಂದಿನ ಫೋರ್ಕು.

*

ಎಸ್.ಜೆ.ಪಿ. ರಸ್ತೆಯ ಅದೇ ಯಜಮಾನರು ನನ್ನನ್ನು ಒಬ್ಬ ಸಂಗ್ರಹಕಾರರ ಹತ್ತಿರ ಕಳಿಸಿದರು. ದೊಡ್ಡ ಮನೆ. ಹತ್ತು ಹನ್ನೆರಡು ಹಳೆ ಸೈಕಲ್ಲುಗಳು ಮದುಮಕ್ಕಳ ಹಾಗೆ ನಿಂತಿದ್ದವು. ಒಳ್ಳೆಯ ಮನುಷ್ಯ. ಕೂರಿಸಿ ಕಾಫಿ ಕೊಟ್ಟರು, ನನ್ನ ಫೋನಿನಲ್ಲಿದ್ದ ಫೋಟೋಗಳನ್ನು ದೊಡ್ಡದು ಮಾಡಿ ಮಾಡಿ ನೋಡಿದರು, ಒಂಬತ್ತೂವರೆಯ ಕಾಟರ್ ಪಿನ್ ಒಂದು ಜೊತೆ ದುಡ್ಡಿಲ್ಲದೆ ಕೊಟ್ಟರು. ಆಮೇಲೆ ಹೇಳಿದರು: 'ಫ್ರೇಮ್ ಒರಿಜಿನಲ್. ಆದರೆ ಯಾರೋ ಹಾಳು ಮಾಡಿಬಿಟ್ಟಿದ್ದಾರೆ. ಆ ಎರಡನೇ ಬಾರ್ ಕರೆಕ್ಟ್ ಅಲ್ಲ, ಕತ್ತರಿಸಿ ಗ್ರೈಂಡ್ ಮಾಡಿಸಬೇಕು. ಕ್ಯಾರಿಯರ್ ಬಿಸಾಕಿ. 22ರ ಫ್ರೀವೀಲ್ ತೆಗೆದು 18 ಹಾಕಿ. ಹಾಗೆ ಮಾಡಿ ಕೊಟ್ಟರೆ ನಾನೇ ಇಪ್ಪತ್ತೈದು ಸಾವಿರಕ್ಕೆ ತಗೋತೀನಿ.'

ಇಪ್ಪತ್ತೈದು ಸಾವಿರ! ನನ್ನ ಜೇಬಿನಲ್ಲಿ ಆವತ್ತು ಬಂಗಾರಪೇಟೆಗೆ ವಾಪಸ್ ಹೋಗುವ ರೈಲಿನ ದುಡ್ಡು, ಮೇಲೆ ಐವತ್ತು ರೂಪಾಯಿ. ಅಪ್ಪನಿಗೆ ಹೇಳಿದರೆ ಕೊಟ್ಟುಬಿಡು ಅಂತಾನೆ, ಅವನ ತಪ್ಪಲ್ಲ. ರೈಲಿನಲ್ಲಿ ಕೂತು ಲೆಕ್ಕ ಹಾಕುತ್ತಾ ಬಂದೆ. ಹಾಕುತ್ತಾ ಹಾಕುತ್ತಾ ಒಂದು ಮಾತು ಮುಳ್ಳಿನ ಹಾಗೆ ಚುಚ್ಚತೊಡಗಿತು: 'ಯಾರೋ ಹಾಳು ಮಾಡಿಬಿಟ್ಟಿದ್ದಾರೆ.'

ಆ ಯಾರೋ ನಮ್ಮ ತಾತ. ಅವನು ಬಾರು ಹಾಕಿಸದೆ ಇದ್ದಿದ್ದರೆ ಆ ಫ್ರೇಮು ಎಂದೋ ಮುರಿದು ಮಂಡಿಯ ಪಕ್ಕದ ಗುಜರಿ ಸೇರಿರುತ್ತಿತ್ತು. ದೊರೆ ಕೂತಿದ್ದ ವರ್ಷಗಳು ಒರಿಜಿನಲ್ಲು, ತಾತ ತುಳಿದ ವರ್ಷಗಳು ಕೆಟ್ಟದ್ದು. ಇದು ಯಾವ ಲೆಕ್ಕ? ಹಾಲಿನ ಸೈಕಲ್ ಅಂತ ಹೇಳಿದ ನಾನೂ ಬಾಯಲ್ಲಿ ಅದೇ ಕೆಲಸ ಮಾಡಿದ್ದೆನಲ್ಲ? ಅವರು ಗ್ರೈಂಡರ್ ಹಾಕಿ ಉಜ್ಜಬೇಕು ಅಂದದ್ದನ್ನು ನಾನು ಒಂದು ಮಾತಿನಲ್ಲಿ ಉಜ್ಜಿಹಾಕಿದ್ದೆ.

ಮುಂದಿನ ನಾಲ್ಕು ಭಾನುವಾರ ಕೆ.ಆರ್. ಮಾರುಕಟ್ಟೆ ಹತ್ತಿರದ ಸಂಡೆ ಬಜಾರಿಗೆ ಹೋದೆ. ಬೆಳಿಗ್ಗೆ ಬೇಗ ಹೋಗಬೇಕು. ನೆಲದ ಮೇಲೆ ತಾಟು ಹಾಸಿ, ಮಿಕ್ಸಿಯ ಜಾರು, ಮೊಬೈಲಿನ ಚಾರ್ಜರು, ಒಂಟಿ ಬೂಟು, ಬೀಗವಿಲ್ಲದ ಕೀಲಿಗಳ ರಾಶಿ. ಹಳೆ ಕಪ್ಪನ್ನು ಜೇಬಿನಲ್ಲಿಟ್ಟುಕೊಂಡು ರಾಶಿ ರಾಶಿಯಲ್ಲೂ ಚಾಚಾ ಹೇಳಿಕೊಟ್ಟ ಹಾಗೆ ತ್ರೆಡ್ಡಿಗೆ ತ್ರೆಡ್ಡು ಕೂರಿಸಿ ನೋಡುತ್ತಿದ್ದೆ. ಮೂರು ಭಾನುವಾರ ಎಲ್ಲವೂ 24. ನಾಲ್ಕನೇ ಭಾನುವಾರ, ಎಣ್ಣೆ ಜಿಡ್ಡಿನ ಡಬ್ಬಿಯೊಂದರ ತಳದಲ್ಲಿ ಎರಡು ಕಪ್ಪು ಸಿಕ್ಕವು. ತ್ರೆಡ್ಡು ಕೊನೆವರೆಗೂ ಕೂಡಿತು. ಒರೆಸಿ ನೋಡಿದರೆ ಅಂಚಿನಲ್ಲಿ ಕಂಪನಿಯ ಹೆಸರು. ಡಬ್ಬಿಯ ಯಜಮಾನನಿಗೆ ಅದರ ಬೆಲೆ ಗೊತ್ತಿರಲಿಲ್ಲ, ಎರಡಕ್ಕೂ ಸೇರಿ ಅರವತ್ತು ರೂಪಾಯಿ ಅಂದ. ಅದೇ ಸಾಲಿನಲ್ಲಿ ಹಳೆ ಫ್ರೇಮುಗಳ ರಾಶಿ ಹಾಕಿದ್ದವನ ಹತ್ತಿರ ಒಂದು ಫೋರ್ಕು. ಅದರ ಕತ್ತಿನ ತ್ರೆಡ್ಡೂ 26. ಉದ್ದ ಅಳೆದೆ, ನಮ್ಮ ಫ್ರೇಮಿನ ತಲೆಗೆ ಸರಿಹೋಯಿತು. ಒಂಬೈನೂರು ಕೊಟ್ಟೆ.

ಆ ಕಪ್ಪು ಹಿಡಿದುಕೊಂಡು ರೈಲಿನಲ್ಲಿ ಬರುವಾಗ, ಬಿ.ಎ.ಯಲ್ಲಿ ಐಚ್ಛಿಕ ಇಂಗ್ಲಿಷ್ ಓದುವಾಗ ಓದಿದ್ದ ಒಂದು ಕಾದಂಬರಿ ನೆನಪಾಯಿತು. ಅಲನ್ ಸಿಲ್ಲಿಟೋ 1958ರಲ್ಲಿ ಬರೆದ 'ಸ್ಯಾಟರ್‌ಡೇ ನೈಟ್ ಅಂಡ್ ಸಂಡೇ ಮಾರ್ನಿಂಗ್'. ಅದರ ನಾಯಕ ನಾಟಿಂಗ್‌ಹ್ಯಾಮಿನ ಸೈಕಲ್ ಕಾರ್ಖಾನೆಯಲ್ಲಿ ಲೇತ್ ಮುಂದೆ ನಿಂತು ಪೀಸಿನ ಲೆಕ್ಕದ ಕೂಲಿಗೆ ದುಡಿಯುವವನು. ಬರೆದವನೂ ಹದಿನಾಲ್ಕಕ್ಕೇ ಶಾಲೆ ಬಿಟ್ಟು ರ‍್ಯಾಲಿ ಕಾರ್ಖಾನೆ ಸೇರಿದ್ದವನು. ಪರೀಕ್ಷೆಗೆ ಓದುವಾಗ ಅದು ಬಿಳಿಯರ ಕಥೆ ಅಂದುಕೊಂಡಿದ್ದೆ. ಈಗ ಕೈಲಿದ್ದ ಕಪ್ಪನ್ನು ಅಂಥದ್ದೇ ಒಬ್ಬ ಕೂಲಿ ಲೇತಿನ ಮೇಲೆ ತಿರುವಿದ್ದ. ಅವನು ತಿರುವಿದ ಕಪ್ಪಿನ ಮೇಲೆ ಚಿನ್ನದ ಗಣಿಯ ಕೂಲಿ ತುಳಿದ, ಆಮೇಲೆ ತೊಗಲಿನ ಕೂಲಿ ತುಳಿದ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿತು. 2002ರಲ್ಲಿ ನಾಟಿಂಗ್‌ಹ್ಯಾಮಿನಲ್ಲಿ ರ‍್ಯಾಲಿ ಸೈಕಲ್ಲಿನ ಕೆಲಸವೂ ನಿಂತಿತು. ಅಲ್ಲಿಯವರೂ ಮನೆಗೆ ಹೋದರು, ಇಲ್ಲಿಯವರೂ ಹೋದರು. ಅಲ್ಲಿಯವನನ್ನು ಬೀದಿಯಲ್ಲಿ ಸೈಕಲ್ಲಿಂದ ಇಳಿ ಅನ್ನುವವರಿರಲಿಲ್ಲ. ಅಷ್ಟು ವ್ಯತ್ಯಾಸ. ಅದು ಸಣ್ಣ ವ್ಯತ್ಯಾಸವೂ ಅಲ್ಲ.

*

ಫೋರ್ಕು ಮನೆಗೆ ಬಂತು. ನಾನು ಹಾಕಲಿಲ್ಲ.

ನನ್ನೊಳಗಿನ ಕವಿ ಎದ್ದಿದ್ದ. ಆ ತಿರುಚಿದ ಫೋರ್ಕು ಒಂದು ಸಾಕ್ಷಿ, ಅದನ್ನು ಹೇಗೆ ತೆಗೆಯುವುದು? ನಮ್ಮ ಅವಮಾನದ ದಾಖಲೆ ಯಾವ ಸ್ಟೇಷನ್ನಿನಲ್ಲೂ ಇಲ್ಲ, ಯಾವ ಕೋರ್ಟಿನಲ್ಲೂ ಇಲ್ಲ, ಈ ಕಬ್ಬಿಣದಲ್ಲಿದೆ. ಅದು ಹಾಗೇ ಇರಲಿ. ಅದರ ಮೇಲೆ ಒಂದು ಪದ್ಯವನ್ನೂ ಶುರು ಮಾಡಿದ್ದೆ. ನಾಲ್ಕು ಸಾಲು ಚೆನ್ನಾಗಿಯೇ ಬಂದಿತ್ತು.

ಚಾಚಾ ಕೇಳಿ ನಕ್ಕರು. 'ಒಂದ್ಸಲ ಬಗ್ಗಿ, ಕಾಯಿಸಿ, ಬಡಿದ ಫೋರ್ಕು ಬೇಟಾ ಇದು. ಹೊರೆ ಹಾಕಿದ ದಿನ ಗುಂಡಿಗೆ ಬಿದ್ರೆ ಮುರೀತದೆ. ಮೂತಿ ನಿಂದು ಹೋಗ್ತದೆ.' ಹಾಗಾದರೆ ಹೊರೆ ಬೇಡ, ಹಾಗೇ ನಿಲ್ಲಿಸಿಡೋಣ ಅಂತ ನನ್ನ ಮನಸ್ಸು ಹೇಳಿತು. ಸಂಗ್ರಹಕಾರರ ಮನೆಯಲ್ಲಿ ನಿಂತಿದ್ದ ಸೈಕಲ್ಲುಗಳಿಗೂ ನನ್ನ ಈ ಯೋಚನೆಗೂ ಎಷ್ಟು ದೂರ ಅಂತ ಆಗ ಹೊಳೆಯಲಿಲ್ಲ.

ಅವ್ವ ಜಗಲಿಯ ಮೇಲೆ ಕೂತು ಎಲ್ಲಾ ಕೇಳಿಸಿಕೊಂಡಿದ್ದಳು. ಎಲೆಡಿಕೆ ಉಗಿದು ಬಂದು ಫ್ರೇಮಿನ ಮುಂದೆ ನಿಂತಳು. ಸೈಕಲ್ಲಿನ ವಿಷಯದಲ್ಲಿ ಅವಳು ಅದುವರೆಗೂ ಬಾಯಿ ಬಿಟ್ಟಿರಲಿಲ್ಲ.

'ಇದ್ನ ಯಾಕ್ಲಾ ಇಟ್ಕೋತೀನಿ ಅಂತೀಯ?' ಅಂದಳು, ಫೋರ್ಕು ತೋರಿಸಿ.

'ತಾತನ ನೆನಪಿಗೆ ಅವ್ವ.'

'ನೆನಪಾ! ಆವತ್ತಿಂದ ಈ ಸೈಕಲ್ಲು ಎಡಕ್ಕೇ ಎಳೀತಿತ್ತು. ಅವ್ನು ಬಲಕ್ಕೆ ಎಳ್ದೂ ಎಳ್ದೂ ಭುಜ ಹೋಯ್ತು. ರಾತ್ರಿ ಎಲ್ಲಾ ನಾನು ಎಣ್ಣೆ ಕಾಯ್ಸಿ ತಿಕ್ತಿದ್ದೆ. ಇನ್ನೊಂದು ಫೋರ್ಕಿಗೆ ದುಡ್ಡಿರ್ಲಿಲ್ಲ ಅಂತ ಇದ್ನ ಮಡೀಕೊಂಡಿದ್ದ ಕಣಪ್ಪ, ಆಸೆಪಟ್ಟು ಮಡೀಕೊಂಡಿರ್ಲಿಲ್ಲ.'

ಆಮೇಲೆ ಎರಡನೇ ಬಾರಿನ ಮೇಲೆ ಕೈಯಿಟ್ಟು ಹೇಳಿದಳು:

'ಆ ಬೆಂಡು ಅವ್ರು ಕೊಟ್ಟಿದ್ದು. ಈ ಬಾರು ನಿಮ್ಮ ತಾತ ಆಕ್ಸಿದ್ದು, ನನ್ನ ಕಾಲಿನ ಕಡಗ ಅಡ ಇಕ್ಕಿ. ಯಾವ್ದು ಮಡೀಕೋಬೇಕು, ಯಾವ್ದು ಬಿಸಾಕಬೇಕು ಅಂತ ಇಷ್ಟು ಓದಿರೋನಿಗೆ ನಾನು ಏಳ್ಬೇಕಾ?'

ಸಂಗ್ರಹಕಾರರು ಬಾರು ತೆಗಿ ಅಂದಿದ್ದರು. ನಾನು ಬೆಂಡು ಇರಲಿ ಅಂದಿದ್ದೆ. ಇಬ್ಬರೂ ಓದಿದವರು, ಇಬ್ಬರೂ ತಪ್ಪಿದ್ದೆವು. ಸರಿಯಾದ ಪಾರ್ಟು ಯಾವುದು ಅನ್ನುವುದಕ್ಕೆ ನಾನು ಮೂರು ತಿಂಗಳು ಅಲೆದಿದ್ದೆ, ಇಂಚು, ತ್ರೆಡ್ಡು, ಮಿಲಿಮೀಟರು ಕಲಿತಿದ್ದೆ. ಅವ್ವನ ಅಳತೆ ನನ್ನ ಸಿಗರೇಟ್ ಪ್ಯಾಕಿನ ಪಟ್ಟಿಯಲ್ಲಿರಲಿಲ್ಲ.

ಆ ನಾಲ್ಕು ಸಾಲಿನ ಪದ್ಯವನ್ನು ಹರಿದು ಹಾಕಿದೆ.

*

ಜೋಡಿಸಲು ಎರಡು ದಿನ ಹಿಡಿಯಿತು. ಚಾಚಾ ಸ್ಟೂಲಿನ ಮೇಲೆ ಕೂತು ಹೇಳಿದರು, ನಾನು ಮಾಡಿದೆ. ಬಲಗಡೆಯ ಕಪ್ಪಿಗೆ ಎಡ ತ್ರೆಡ್ಡು, ಉಲ್ಟಾ ತಿರುಗಿಸಿ ಬಿಗಿಯಬೇಕು. ಕಪ್ಪಿಗೆ ಗ್ರೀಸ್ ತುಂಬಿ ಕಾಲಿಂಚಿನ ಗುಂಡು ಬದಿಗೆ ಹನ್ನೊಂದರಂತೆ ಕೂರಿಸಿದೆ. ಕಾಟರ್ ಪಿನ್ ಬಡಿಯುವಾಗ ಕ್ರ್ಯಾಂಕಿನ ಕೆಳಗೆ ಕಬ್ಬಿಣದ ಪೈಪಿನ ಆಸರೆ ಕೊಡಬೇಕು. ಇಲ್ಲದಿದ್ದರೆ ಸುತ್ತಿಗೆಯ ಏಟು ಗುಂಡಿಗೆ ಹೋಗಿ, ಹೊಸ ಕಪ್ಪಿನಲ್ಲಿ ಗುಳಿ ಬೀಳುತ್ತದೆ. ಎಡದ ಪಿನ್ನೂ ಬಲದ ಪಿನ್ನೂ ಒಂದಕ್ಕೊಂದು ಎದುರುಮುಖವಾಗಿ ಹೋಗಬೇಕು. ಇಲ್ಲದಿದ್ದರೆ ಪೆಡಲ್ಲುಗಳು ಒಂದೇ ನೇರಕ್ಕೆ ಬರಲ್ಲ. ಫೋರ್ಕಿನ ಎರಡು ಕಾಲಿಗೆ ಅಚ್ಚು ತೂರಿಸಿ, ಕಣ್ಣು ಕಿರಿದು ಮಾಡಿ ನೋಡಿದೆವು. ನೆಟ್ಟಗಿತ್ತು.

ಎರಡನೇ ಬಾರು ಉಳಿಯಿತು. ಕ್ಯಾರಿಯರಿನ ತುಕ್ಕು ತಿಂದ ಎರಡು ಪಟ್ಟಿ ಬದಲಿಸಿ, ಉಳಿದದ್ದನ್ನು ಉಜ್ಜಿ ಕೆಂಪು ಆಕ್ಸೈಡು ಬಳಿದೆ. 22 ಹಲ್ಲಿನ ಹೊಸ ಫ್ರೀವೀಲ್ ಹಾಕಿದೆ. ಈಗ ಅಪ್ಪ ಗುತ್ತಿಗೆಗೆ ಹಿಡಿದಿರುವ ತುಂಡು ಜಮೀನಿನಿಂದ ರೇಷ್ಮೆ ಸೊಪ್ಪಿನ ಹೊರೆ ಅದರ ಮೇಲೆ ಬರುತ್ತಿದೆ. ಇಪ್ಪತ್ತೈದು ಸಾವಿರದ ಮಾತನ್ನು ಅಪ್ಪನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಸೊಪ್ಪು ತರೋಕೆ ಆಟೋದೋನು ದಿನಾ ನೂರು ಕೇಳ್ತಾನೆ' ಅಂದ. ಆ ಮಾತು ಅಲ್ಲಿಗೆ ಮುಗಿಯಿತು.

ಮೊದಲ ದಿನ ಸೊಪ್ಪಿನ ಹೊರೆ ಕಟ್ಟಿ ಊರ ಬೀದಿಯಲ್ಲಿ ನಾನೇ ಬಂದೆ. ಬೇವಿನ ಮರ ಈಗಿಲ್ಲ, ರಸ್ತೆಗೆ ಸಿಮೆಂಟು ಬಿದ್ದಿದೆ. ಮರವಿದ್ದ ಜಾಗದಲ್ಲಿ ನನ್ನ ಕಾಲು ಒಂದು ಕ್ಷಣ ತುಳಿಯೋದು ಬಿಟ್ಟಿತು. ನಾನು ಇಳಿದು ನಡೆದವನಲ್ಲ, ಆದರೂ ಬಿಟ್ಟಿತು. ಅರಳಿಕಟ್ಟೆಯಲ್ಲಿ ಕೂತಿದ್ದ ಹುಡುಗರು ಫೋನಿನಿಂದ ತಲೆ ಎತ್ತಲಿಲ್ಲ. ಒಬ್ಬ ಮುದುಕರು ಮಾತ್ರ ಕಣ್ಣಿಗೆ ಕೈ ಅಡ್ಡ ಹಿಡಿದು, 'ಅದು ಆ ಕೊಕ್ಕರೆ ಸೈಕಲ್ಲಲ್ವೇನಪ್ಪ?' ಅಂದರು. 'ಹೌದು' ಅಂದೆ, ತುಳಿಯುತ್ತಲೇ. ಇಳಿಸುವವರು ಇವತ್ತು ಇಲ್ಲ. ಆದರೆ ಅದೇ ಕಟ್ಟೆಯಾಚೆಯ ದೇವಸ್ಥಾನದ ಹೊಸ್ತಿಲನ್ನು ನಮ್ಮ ಕೇರಿ ಇನ್ನೂ ದಾಟಿಲ್ಲ. ಆ ಲೆಕ್ಕ ಬೇರೆ ಇದೆ.

ಅವ್ವ ಕೇರಿಯ ಬಾಯಲ್ಲಿ ನಿಂತಿದ್ದಳು.

'ಇಳಿದ್ಯಾ?'

'ಇಲ್ಲ ಅವ್ವ.'

'ಎಡಕ್ಕೆ ಎಳೀತಾ?'

'ಇಲ್ಲ. ನೆಟ್ಟಗೆ ಬಂತು.'

ಹೂಂ ಅಂದು ಒಳಗೆ ಹೋದಳು.

ಹೋದ ತಿಂಗಳು ಬ್ರೇಕಿನ ರಬ್ಬರಿಗೆ ಮತ್ತೆ ಎಸ್.ಜೆ.ಪಿ. ರಸ್ತೆಗೆ ಹೋಗಿದ್ದೆ. ಯಜಮಾನರಿಗೆ ಗುರುತು ಸಿಕ್ಕಿತು. 'ಏನಪ್ಪ, ಹಾಲಿನ ಸೈಕಲ್ ಹೆಂಗಿದೆ?' ಅಂದರು. ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ಗಿರಾಕಿಗಳಿದ್ದರು.

'ಅದು ಹಾಲಿಂದಲ್ಲ ಯಜಮಾನ್ರೆ. ತೊಗಲಿಂದು. ನಮ್ಮ ತಾತ ಸತ್ತ ದನದ ತೊಗಲು ಹೊರ್ತಿದ್ರು. ಆವತ್ತು ಸುಳ್ಳು ಹೇಳಿದ್ದೆ.'

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ನಾಲ್ಕು ಜನರೂ ನೋಡಿದರು. ಯಜಮಾನರು ರಬ್ಬರಿನ ಪೊಟ್ಟಣ ಕಟ್ಟುತ್ತಾ ಹೇಳಿದರು:

'ಮೊದಲೇ ಹೇಳೋದಲ್ವಾ? ಉಪ್ಪು ಕುಡಿದ ಕಬ್ಬಿಣ ಅದು. ರಿಮ್ ಒಳಗೆ, ಕಡ್ಡಿ ಬುಡಕ್ಕೆ, ವರ್ಷಕ್ಕೆರಡು ಸಲ ಗ್ರೀಸ್ ಸವರಿ. ಇಲ್ಲಾಂದ್ರೆ ಹೊಸ ಕಡ್ಡೀನೂ ತಿನ್ನುತ್ತೆ.'

ಒಂದು ಡಬ್ಬಿ ಗ್ರೀಸೂ ತಂದೆ.